ಮದ್ದಿನೊಡನೆ ಕರಗುವ ಭರಣಿ

ಕ್ಯಾನ್ಸರಿನ ಕೋಶಗಳನ್ನು ಕೊಲ್ಲುವ ಮದ್ದುಗಳು ಹಲವು ಉಂಟು. ತೊಡಕೆಂದರೆ ಅವಕ್ಕೆ ತನ್ನವರು, ಪರರು ಎಂಬ ಭೇದವಿಲ್ಲ. ರಕ್ತದೊಡನೆ ಮೈಯೆಲ್ಲ ಸಂಚರಿಸುವ ಮದ್ದು ವೇಗವಾಗಿ ಬೆಳೆಯುವ ಕೋಶಗಳನ್ನು ಕಂಡಲ್ಲೆಲ್ಲ ಹೊಡೆಯುತ್ತದೆ. ರೋಗಿಯ ಕೂದಲು ಉದುರುವುದೂ, ಬಾಯಿ ಹುಣ್ಣಾಗುವುದೂ, ಅಸ್ಥಿಮಜ್ಜೆ ಸೊರಗುವುದೂ ಇದರಿಂದಲೇ.

ಮದ್ದನ್ನು ಪುಟ್ಟ ಭರಣಿಯೊಂದರಲ್ಲಿಟ್ಟು ಗಡ್ಡೆಯ ಬಾಗಿಲಿಗೇ ಕಳುಹಿಸಬಾರದೆ? ಕಳುಹಿಸಬಹುದು. ಆದರೆ ಕೆಲಸ ಮುಗಿದ ಮೇಲೆ ಭರಣಿ ದೇಹದಲ್ಲೇ ಉಳಿಯಬಾರದು. ಆದುದರಿಂದ ವಿಜ್ಞಾನಿಗಳು ತಾನಾಗಿ ಕರಗುವ ಪಾಲಿಮರುಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಮುಖ್ಯವಾದುದು ಪಿ.ಎಲ್.ಜಿ.ಎ. ಶಸ್ತ್ರವೈದ್ಯರ ಕರಗುವ ಹೊಲಿಗೆದಾರವು 1970ರ ದಶಕದಿಂದಲೂ ಇದೇ ಕುಲದ ವಸ್ತುವಿನಿಂದ ಆಗುತ್ತಿದೆ. ನೀರಿನ ಸಂಗದಿಂದ ಇದರ ಸರಪಳಿಗಳು ಕಡಿದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಾಗುತ್ತವೆ. ಮೊದಲನೆಯದು ಮೊಸರಿಗೆ ಹುಳಿ ಕೊಡುವ ಆಮ್ಲವೇ. ದೇಹ ಇವನ್ನು ಅರಗಿಸಿಕೊಳ್ಳಬಲ್ಲುದು.

ಕಣಗಳನ್ನು ಮಾಡುವ ವಿಧಾನ ಮೊಸರು ಕಡೆಯುವುದನ್ನು ನೆನಪಿಗೆ ತರುತ್ತದೆ. ಪಾಲಿಮರನ್ನೂ ಮದ್ದನ್ನೂ ನೀರಿನೊಡನೆ ಬೆರೆಯದ, ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸುತ್ತಾರೆ. ಅದನ್ನು ಪಾಲಿವಿನೈಲ್ ಆಲ್ಕೋಹಾಲ್ ಕೂಡಿದ ನೀರಿಗೆ ಸುರಿದು, ಕಿವಿಗೆ ಕೇಳದ ತೀವ್ರ ಧ್ವನಿತರಂಗಗಳಿಂದ ಕಡೆಯುತ್ತಾರೆ. ಹಾಲಿನಲ್ಲಿ ಜಿಡ್ಡು ಹರಡಿರುವಂತೆ ಸೂಕ್ಷ್ಮ ಹನಿಗಳು ಹರಡಿಕೊಳ್ಳುತ್ತವೆ. ಅವು ಮರಳಿ ಒಂದಾಗದಂತೆ ಆ ಆಲ್ಕೋಹಾಲ್ ತಡೆಯುತ್ತದೆ. ದ್ರಾವಕ ಆವಿಯಾದಾಗ ಮದ್ದನ್ನು ಒಡಲಲ್ಲಿ ಧರಿಸಿದ ಗಟ್ಟಿ ಕಣಗಳು ಉಳಿಯುತ್ತವೆ. ಅವನ್ನು ರಭಸವಾಗಿ ತಿರುಗುವ ಯಂತ್ರದಲ್ಲಿ ಬೇರ್ಪಡಿಸಿ, ತೊಳೆದು, ಹೆಪ್ಪುಗಟ್ಟಿಸಿ ಒಣಗಿಸುವರು. ಸಾಮಾನ್ಯವಾಗಿ ಕಣದ ಅಡ್ಡಳತೆ 100ರಿಂದ 200 ನ್ಯಾನೋಮೀಟರು. ಹತ್ತು ಲಕ್ಷ ನ್ಯಾನೋಮೀಟರು ಸೇರಿದರೆ ಒಂದು ಮಿಲಿಮೀಟರು!

ಇಷ್ಟು ಸಣ್ಣದೇಕೆ? ಗಡ್ಡೆಯ ರಕ್ತನಾಳಗಳು ಸೋರುತ್ತವೆ; ಸೋರಿದ ದೊಡ್ಡ ಅಣುಗಳು ಅಲ್ಲಿಯೇ ತಂಗುತ್ತವೆ. ಇದನ್ನು 1986ರಲ್ಲಿ ಜಪಾನಿನ ಮಾಟ್ಸುಮುರಾ ಮತ್ತು ಮಾಯೆಡಾ ತೋರಿಸಿಕೊಟ್ಟರು. ಆ ಬಿರುಕುಗಳಲ್ಲಿ ನಮ್ಮ ಭರಣಿಯೂ ನುಸುಳಬೇಕು. ಆದರೆ ಯಕೃತ್ತು, ಗುಲ್ಮಗಳ ಕಾವಲು ಕೋಶಗಳು ಅದನ್ನು ದಾರಿಯಲ್ಲೇ ಹಿಡಿದು ನುಂಗುತ್ತವೆ. ಅವುಗಳ ಕಣ್ಣು ತಪ್ಪಿಸಲು ಪಾಲಿಎಥಿಲೀನ್ ಗ್ಲೈಕಾಲಿನ ಹೊದಿಕೆ ಹೊದಿಸಿ, ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿದ್ದು 1994ರಲ್ಲಿ ಪ್ರಕಟವಾಯಿತು.

ಆದರೂ ದಾರಿ ದೂರವಿದೆ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2016ರ ವಿಮರ್ಶೆಯೊಂದರಲ್ಲಿ, ನಾನಾ ಬಗೆಯ ನ್ಯಾನೋಕಣಗಳಲ್ಲಿ ಗಡ್ಡೆಯನ್ನು ಮುಟ್ಟಿದುದರ ಮಧ್ಯಮಾಂಕ ಶೇಕಡ 0.7 ಮಾತ್ರ. ನೂರಕ್ಕೆ ಒಂದೂ ಅಲ್ಲ!

ಆದುದರಿಂದ ಕ್ಯಾನ್ಸರಿಗೆ ರಾಮಬಾಣ ದೊರೆಯಿತೆಂಬ ಸುದ್ದಿ ಬಂದಾಗ ನಾವು ಎರಡು ಪ್ರಶ್ನೆ ಕೇಳಬೇಕು: ಗಡ್ಡೆಗೆ ಎಷ್ಟು ತಲುಪಿತು? ಉಳಿದದ್ದು ಎಲ್ಲಿ ಹೋಯಿತು? ಮನೆಯಲ್ಲಿ ರೋಗಿಯಿರುವವರು ಇಂದು ದೊರೆಯುವ ಚಿಕಿತ್ಸೆಯನ್ನು ಬಿಟ್ಟು ನಾಳಿನ ಭರಣಿಗಾಗಿ ಕಾಯುವುದು ಸಲ್ಲದು.