ಮಾಳಿಗೆ ಸೋರುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಯಾರಿಗೆ ತಾನೆ ಗೊತ್ತಿಲ್ಲ? ಆದರೆ ಕಟ್ಟಿದ ಮನೆಯನ್ನು ಕಾಪಾಡಿಕೊಂಡು ಹೋಗುವ ಕಷ್ಟದ ಬಗ್ಗೆ ಮಾತ್ರ ಅಷ್ಟು ಹೆಸರಾದ ಗಾದೆ ಇಲ್ಲ. ಕಟ್ಟುವುದು ಒಂದು ಸಲದ ಕೆಲಸ. ಕಾಪಾಡುವುದು ವರ್ಷ ವರ್ಷದ ಕೆಲಸ.

ಬಳ್ಳಾರಿ ಸಮೀಪದ ಹಲಕುಂದಿ, ಸುತ್ತಲಿನ ಹಳ್ಳಿಗಳು, ಆಚೆಯ ಕುರುಗೋಡು, ಸಿರುಗುಪ್ಪ - ಈ ಬಯಲು ಸೀಮೆಯಲ್ಲಿ ಮನೆ ದುರಸ್ತಿಗೆ ಒಂದು ಕಾಲವೇ ಗೊತ್ತಾಗಿತ್ತು. ಯುಗಾದಿ ಕಳೆದು, ಹೊಲದ ಕೆಲಸ ಕಡಿಮೆಯಾಗಿ, ರೋಹಿಣಿ ಮಳೆ ಇನ್ನೂ ಬೀಳದಿರುವ ನಡುವಿನ ದಿನಗಳು ಅವು. ಆಗ ಬಂಡಿಗಳು ಸವಳು ಮಣ್ಣು ಹೇರಿಕೊಂಡು ಊರೊಳಗೆ ಬರುತ್ತಿದ್ದವು. ಗೋಡೆಗೆ ಏಣಿ ಒರಗುತ್ತಿತ್ತು. ಗಂಡಸರು ಬುಟ್ಟಿ ಹೊತ್ತು ಮಾಳಿಗೆ ಹತ್ತಿದರೆ, ಹೆಂಗಸರು ಕೆಳಗೆ ಗೋಡೆ ಸಾರಿಸಿ ಸುಣ್ಣ ಬಳಿಯುತ್ತಿದ್ದರು.

ಯಾವ ಹಳ್ಳದ ದಂಡೆಯ ಮಣ್ಣು ಒಳ್ಳೆಯದು, ಎಷ್ಟು ದಪ್ಪ ಹಾಕಬೇಕು, ನೀರು ಯಾವ ಮೂಲೆಗೆ ಇಳಿಯಬೇಕು - ಇಂಥ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಇರಲಿಲ್ಲ. ಪಕ್ಕದ ಮನೆಯವರ ಬಾಯಲ್ಲಿತ್ತು. ಇವತ್ತು ನಿಮ್ಮ ಮಾಳಿಗೆಗೆ ನಾವು, ನಾಳೆ ನಮ್ಮ ಮಾಳಿಗೆಗೆ ನೀವು ಎನ್ನುವ ಮುಯ್ಯಾಳಿನ ಪದ್ಧತಿಯಲ್ಲಿ ದುಡಿಮೆಯ ಜೊತೆಗೆ ಬುದ್ಧಿಮಾತೂ ಕೈ ಬದಲಾಗುತ್ತಿತ್ತು.

ಈಗ ಆರ್‌ಸಿಸಿ ಮನೆಗಳು ಹೆಚ್ಚಾಗಿವೆ. ಆದರೂ ಮಣ್ಣಿನ ಮಾಳಿಗೆಗಳು ಪೂರ್ತಿ ಮರೆಯಾಗಿಲ್ಲ. ಆ ಹಳೆಯ ಬುದ್ಧಿಮಾತನ್ನು ಬಿಡಿಸಿ ನೋಡಿದರೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ರಸಾಯನಶಾಸ್ತ್ರ, ಭೌತಶಾಸ್ತ್ರ ಎರಡೂ ಮನೆಯ ಮೇಲೆಯೇ ಸಿಗುತ್ತವೆ.

ಪದರ ಪದರದ ಹೊದಿಕೆ

ಮಲೆನಾಡಿನಲ್ಲಿ ಹೆಂಚಿನ ಇಳಿಜಾರು ಸೂರು, ಬಳ್ಳಾರಿಯಲ್ಲಿ ಚಪ್ಪಟೆ ಮಾಳಿಗೆ. ಏಕೆ ಹೀಗೆ? ಉತ್ತರ ಮಳೆಯ ಲೆಕ್ಕದಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಬಳ್ಳಾರಿಯ ಬಯಲಿನಲ್ಲಿ ಬೀಳುವುದು 500 ಮಿಲಿಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಇಲ್ಲಿಯ ಮನೆಗೆ ಮಳೆಯ ಚಿಂತೆಗಿಂತ ಬಿಸಿಲಿನ ಚಿಂತೆಯೇ ದೊಡ್ಡದು. ದಪ್ಪನೆಯ ಮಣ್ಣು ಹಗಲಿನ ಶಾಖವನ್ನು ಒಮ್ಮೆಲೇ ಒಳಗೆ ಬಿಡುವುದಿಲ್ಲ. ತಗಡಿನ ಕೆಳಗೆ ಮಧ್ಯಾಹ್ನ ಕೂರಲಾಗದ ಹೊತ್ತಿನಲ್ಲಿ ಮಾಳಿಗೆ ಮನೆಯಲ್ಲಿ ನಿದ್ದೆ ಬರುತ್ತದೆ.

ಮಾಳಿಗೆಯ ರಚನೆ ಸರಳ. ಗೋಡೆ ಮತ್ತು ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಸೀಳಿದ ಕಟ್ಟಿಗೆ ಅಥವಾ ಕಲ್ಲಿನ ಹಾಸು. ಅದರ ಮೇಲೆ ಬೇವು, ಬಂದರಿಕೆಯಂಥ ಸೊಪ್ಪಿನ ಹಾಸು. ಆಮೇಲೆ ಹದವಾಗಿ ಕಲಸಿದ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ತೆಳು ಹೊದಿಕೆ. ನೀರು ಹೊರಗೆ ಚೆಲ್ಲಲು ಅಂಚಿನಲ್ಲಿ ಹರನಾಳಿಗೆ. ಬೆಳಕಿಗೆ ನಡುವೆ ಒಂದು ಬೆಳಕಿಂಡಿ. ಇಷ್ಟೇ.

ಹೊಲಕ್ಕೆ ಶತ್ರು, ಮಾಳಿಗೆಗೆ ಮಿತ್ರ

ಸವಳು ಮಣ್ಣು ಎಂದರೆ ರೈತನ ಮುಖ ಬಾಡುತ್ತದೆ. ಅಲ್ಲಿ ಬೆಳೆ ಏಳುವುದಿಲ್ಲ, ನೀರು ಇಂಗುವುದಿಲ್ಲ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸೀಮೆಯಲ್ಲಿ, ನೀರು ಬಸಿದು ಹೋಗದ ಕಡೆ ಭೂಮಿ ಸವಳಾಗುವುದು ಒಂದು ದೊಡ್ಡ ತೊಂದರೆ. ಆದರೆ ಹೊಲದಲ್ಲಿ ಯಾವುದು ದೋಷವೋ ಅದೇ ಮಾಳಿಗೆಯ ಮೇಲೆ ಗುಣ. ನೀರು ಇಂಗದಿರುವುದೇ ಅಲ್ಲವೇ ಮಾಳಿಗೆಗೆ ಬೇಕಾದದ್ದು? ಗಡಿಯಾಚೆಯ ತೆಲುಗು ಹಳ್ಳಿಗಳಲ್ಲೂ ಇದೇ ಮಣ್ಣನ್ನು ‘ಚವುಡು’ ಎಂದು ಕರೆದು ಮಾಳಿಗೆಗೆ ಹಾಕುತ್ತಾರೆ.

ಇದರ ಹಿಂದಿನ ರಹಸ್ಯ ಸೋಡಿಯಂ. ಜೇಡಿಯ ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳಂತಿದ್ದು, ಋಣ ವಿದ್ಯುದಂಶ ಹೊಂದಿರುತ್ತವೆ. ಕ್ಯಾಲ್ಸಿಯಂ ಹೆಚ್ಚಿರುವ ಮಣ್ಣಿನಲ್ಲಿ ಈ ಕಣಗಳು ಒಂದಕ್ಕೊಂದು ಅಂಟಿ ಹರಳು ಹರಳಾಗಿ ನಿಲ್ಲುತ್ತವೆ. ನಡುವಿನ ಸಂದುಗಳಲ್ಲಿ ನೀರು ಇಳಿಯುತ್ತದೆ. ಸೋಡಿಯಂ ಹೆಚ್ಚಿದರೆ, ಒದ್ದೆಯಾದ ಕೂಡಲೇ ಕಣಗಳು ಬಿಡಿಬಿಡಿಯಾಗಿ ಚದುರಿ ಇದ್ದಬದ್ದ ಸಂದುಗಳನ್ನೆಲ್ಲ ತುಂಬಿಬಿಡುತ್ತವೆ. ಮೊದಲ ಮಳೆಗೆ ಮೇಲ್ಪದರ ಅಂಟಿನಂತಾಗುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ಹರನಾಳಿಗೆಯತ್ತ ಹರಿಯುತ್ತದೆ. ಸವಳಿನಲ್ಲಿ ಹುಲ್ಲು ಅಷ್ಟಾಗಿ ಬೆಳೆಯದ ಕಾರಣ ಬೇರುಗಳು ಮಾಳಿಗೆ ತೂತು ಮಾಡುವ ಭಯವೂ ಕಡಿಮೆ. ಕೃಷಿಹೊಂಡಗಳ ತಳ ಮುಚ್ಚಲು ಇಂದಿನ ಎಂಜಿನಿಯರುಗಳು ಬಳಸುವ ಬೆಂಟೊನೈಟ್ ಎಂಬ ಜೇಡಿಯ ಕೆಲಸವೂ ಹೆಚ್ಚು ಕಡಿಮೆ ಇದೇ ತತ್ವದ್ದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಲೋಟಗಳಲ್ಲಿ ಒಂದೊಂದು ಚಮಚ ಎರೆಮಣ್ಣು ಹಾಕಿ ನೀರು ತುಂಬಿ. ಒಂದಕ್ಕೆ ಚಿಟಿಕೆ ವಾಷಿಂಗ್ ಸೋಡಾ, ಇನ್ನೊಂದಕ್ಕೆ ಒಂದು ಚಮಚ ಜಿಪ್ಸಂ ಸೇರಿಸಿ ಕಲಕಿ, ಮರುದಿನದವರೆಗೆ ಬಿಡಿ. ಜಿಪ್ಸಂ ಲೋಟದ ನೀರು ತಿಳಿಯಾಗುತ್ತದೆ; ಸೋಡಾ ಲೋಟ ಬಗ್ಗಡವಾಗಿಯೇ ಉಳಿಯುತ್ತದೆ. ಸವಳು ಹೊಲಕ್ಕೆ ಜಿಪ್ಸಂ ಹಾಕಿರಿ ಎಂದು ಕೃಷಿ ಇಲಾಖೆ ಹೇಳುವುದು ಏಕೆಂದು ಆಗ ಹೊಳೆಯುತ್ತದೆ.

ಸವಳಿಗೂ ಒಂದು ದೌರ್ಬಲ್ಯವಿದೆ. ಚದುರುವ ಮಣ್ಣು ಜೋರಾಗಿ ಹರಿಯುವ ನೀರಿಗೆ ಕೊಚ್ಚಿಯೂ ಹೋಗುತ್ತದೆ. ಆದ್ದರಿಂದಲೇ ಮಾಳಿಗೆಯ ಇಳಿಜಾರು ತೀರಾ ಕಡಿದಾಗಿರಬಾರದು, ವರ್ಷಕ್ಕೊಮ್ಮೆ ಹೊದಿಕೆ ಹೊಸದಾಗಬೇಕು ಎಂಬ ಕಟ್ಟಳೆ. ಟರ್ಕಿಯ ಅನತೋಲಿಯಾ ಸೀಮೆಯ ಮಣ್ಣಿನ ಮಾಳಿಗೆಗಳ ಮೇಲೆ ಕಲ್ಲಿನ ಉರುಳೆಯೊಂದು ಸದಾ ಬಿದ್ದಿರುತ್ತಿತ್ತು. ಮಳೆ ನಿಂತ ಮೇಲೆ ಮನೆಯವರು ಅದನ್ನು ಉರುಳಿಸಿ ಮಣ್ಣನ್ನು ಮತ್ತೆ ಗಟ್ಟಿ ಮಾಡುತ್ತಿದ್ದರು. ನಮ್ಮಲ್ಲಿ ದಿಮ್ಮಸು ಬಡಿದು ಮಾಡುವ ಕೆಲಸವೂ ಅದೇ.

ಭಾರದ ಲೆಕ್ಕ

ಇಲ್ಲೊಂದು ಅಪಾಯವಿದೆ. ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಒಂದು ಕೋಣೆ; ಅದರ ಮೇಲೆ 10 ಸೆಂಟಿಮೀಟರ್ ಮಣ್ಣು ಎಂದಿಟ್ಟುಕೊಳ್ಳಿ. ಅಂದರೆ 1.2 ಘನ ಮೀಟರ್ ಮಣ್ಣು. ಒದ್ದೆ ಮಣ್ಣು ಘನ ಮೀಟರಿಗೆ ಸುಮಾರು 1800 ಕಿಲೋ ತೂಗುತ್ತದೆ. ಗುಣಿಸಿದರೆ 2160 ಕಿಲೋ! ಎರಡು ಟನ್ನಿಗೂ ಮಿಗಿಲಾದ ಭಾರ ಮಲಗಿದವರ ತಲೆಯ ಮೇಲಿರುತ್ತದೆ. ಹಳೆಯದನ್ನು ಕೆರೆಯದೆ ಮತ್ತೊಂದು ಇಂಚು ಮಣ್ಣು ಹಾಕಿದರೆ ಇನ್ನೂ 540 ಕಿಲೋ ಏರುತ್ತದೆ. ನಾಲ್ಕು ವರ್ಷ ಹೀಗೇ ಮಾಡಿದರೆ ಭಾರ ಇಮ್ಮಡಿಯಾಗುತ್ತದೆ. ತೊಲೆಗೆ ಮಾತ್ರ ಅಷ್ಟೇ ವಯಸ್ಸಾಗಿರುತ್ತದೆ, ಗೆದ್ದಲೂ ಹಿಡಿದಿರಬಹುದು. ಹಳೆಯ ಮಣ್ಣನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕು ಎಂಬ ಮಾತಿನ ಅರ್ಥ ಇದು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯನ್ನು ಈ ಸೀಮೆ ಮರೆತಿಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಕ್ಷಗಟ್ಟಲೆ ಮನೆಗಳಿಗೆ ಹಾನಿಯಾಯಿತು. ನದಿ ನುಗ್ಗಿದ ಊರುಗಳಲ್ಲಷ್ಟೇ ಅಲ್ಲ, ನದಿಯೇ ಇಲ್ಲದ ಕಡೆಯೂ ದಿನಗಟ್ಟಲೆ ನೆನೆದ ಗೋಡೆಗಳು ಕುಸಿದವು. ಮಣ್ಣಿನ ಗೋಡೆ ಒಣಗಿರುವಷ್ಟು ಕಾಲ ಕಲ್ಲು, ನೆನೆದರೆ ಕೆಸರು. ಅದರ ಮೇಲೆ ಟನ್ನುಗಟ್ಟಲೆ ಭಾರವಿದ್ದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ಕುಸಿಯುವ ಮನೆ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಗೋಡೆಯ ಬುಡದಲ್ಲಿ ಮಣ್ಣು ಉದುರಿ ಸವೆಯುವುದು, ಗೋಡೆ ಹೊಟ್ಟೆ ಬಿಡುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಮಾಳಿಗೆಯಿಂದ ಸಣ್ಣಗೆ ಮಣ್ಣು ಸುರಿಯುವುದು, ತೊಲೆಯನ್ನು ತಟ್ಟಿದರೆ ಟೊಳ್ಳು ಸದ್ದು ಬರುವುದು - ಇವುಗಳಲ್ಲಿ ಒಂದು ಕಂಡರೂ ಅನುಭವಿ ಮೇಸ್ತ್ರಿಯನ್ನು ಕರೆಸಿ. ಮಳೆ ಹಿಡಿದ ರಾತ್ರಿಯಾದರೆ ಮೇಸ್ತ್ರಿಗೆ ಕಾಯಬೇಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಗಟ್ಟಿಯಾದ ಇನ್ನೊಂದು ಮನೆಗೋ ಶಾಲೆಗೋ ಹೋಗಿಬಿಡಿ. ಸಂಕೋಚಕ್ಕಿಂತ ಜೀವ ದೊಡ್ಡದು.

ಎರೆಭೂಮಿಯ ಬಿರುಕು

ಮಣ್ಣಿನ ಮನೆಯಾಗಲಿ, ಸಿಮೆಂಟಿನ ಮನೆಯಾಗಲಿ, ಈ ಸೀಮೆಯವರೆಲ್ಲ ಪರಸ್ಪರ ಕೇಳುವ ಪ್ರಶ್ನೆ ಒಂದೇ: ‘ಗೋಡೆ ಬಿರುಕು ಬಿಟ್ಟಿದೆ, ಏನು ಮಾಡಬೇಕು?’ ತಪ್ಪು ಹಲವು ಸಲ ಗೋಡೆಯದಲ್ಲ, ಕೆಳಗಿನ ನೆಲದ್ದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಾಯಿ ಬಿಡುವ ಈ ಮಣ್ಣು ಮನೆಯ ತಳಪಾಯವನ್ನೂ ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು ಹೆಚ್ಚಾಗಿ ಇದರ ಗುರುತು.

ಬಿರುಕು ಕಂಡ ಕೂಡಲೇ ಸಿಮೆಂಟು ಮೆತ್ತುವುದು ಜಾಣತನವಲ್ಲ. ಮೊದಲು ಅದು ಬದುಕಿದೆಯೋ ಸತ್ತಿದೆಯೋ ನೋಡಿ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಅಗಲವನ್ನೂ ಅಳೆದಿಡಿ. ತಿಂಗಳಿಗೊಮ್ಮೆ ಮಕ್ಕಳ ಕೈಲೇ ಅಳೆಸಿ. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆದರೆ ಅದು ನೆಲದ ಉಸಿರಾಟ. ಯಾವ ಕಾಲದಲ್ಲೂ ನಿಲ್ಲದೆ ಬೆಳೆಯುತ್ತಲೇ ಇದ್ದರೆ ಎಂಜಿನಿಯರಿಗೆ ತೋರಿಸಬೇಕು. ಅಲ್ಲಾಡದೆ ಇದ್ದರೆ ಮಾತ್ರ ತುಂಬಿಸಿ ಬಣ್ಣ ಬಳಿಯಬಹುದು.

ಮದ್ದು ಗೋಡೆಗಿಂತ ಹೆಚ್ಚಾಗಿ ನೀರಿನಲ್ಲಿದೆ. ಮಾಳಿಗೆಯ ನೀರು, ಬಚ್ಚಲಿನ ನೀರು ತಳಪಾಯದ ಪಕ್ಕ ನಿಲ್ಲಬಾರದು. ಮನೆಯ ಸುತ್ತ ಕನಿಷ್ಠ ಮೂರು ಅಡಿ ಅಗಲಕ್ಕೆ ಹೊರಗಡೆ ಇಳಿಜಾರಾದ ಕಲ್ಲಿನ ಅಥವಾ ಕಾಂಕ್ರೀಟಿನ ಹಾಸು ಇರಲಿ. ದೊಡ್ಡ ಮರವನ್ನು ಗೋಡೆಗೆ ಅಂಟಿಸಿ ನೆಡಬೇಡಿ. ಬೇರು ನೆಲದ ಒದ್ದೆ ಹೀರಿ ಒಂದೇ ಮಗ್ಗುಲು ಕುಗ್ಗಿಸುತ್ತದೆ. ಹೊಸದಾಗಿ ಕಟ್ಟುವವರಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಂಬದ ತಳಪಾಯ ಇಂಥ ಭೂಮಿಗೆಂದೇ ಇದೆ.

ತಾರಸಿ ಮನೆಯವರಿಗೂ ಒಂದು ಮಾತು

ಆರ್‌ಸಿಸಿ ತಾರಸಿಗೆ ವರ್ಷದ ಉಪಚಾರ ಬೇಡ ಎಂಬ ನಂಬಿಕೆ ಸರಿಯಲ್ಲ. ಸಂದಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಆ ಜಾಗಕ್ಕೆ ಮೇಲೆ ಮೇಲೆ ಗಾರೆ ಬಳಿದರೆ ಒಂದೆರಡು ವರ್ಷದಲ್ಲಿ ಮತ್ತೆ ಉದುರುತ್ತದೆ. ಸಡಿಲಾದದ್ದನ್ನು ಪೂರ್ತಿ ಕೆತ್ತಿ, ಕಂಬಿಯನ್ನು ತಂತಿಯ ಬ್ರಶ್‌ನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಆಮೇಲೆ ಗಾರೆ ತುಂಬಬೇಕು. ಸೋರುವ ಮೂಲ ಹಲವು ಸಲ ಕಲೆ ಕಂಡ ಜಾಗದ ಮೇಲೆ ಇರುವುದಿಲ್ಲ. ಕುಂಬಿ ಗೋಡೆ ತಾರಸಿಗೆ ಸೇರುವ ಮೂಲೆ, ಪೈಪು ಹಾಯ್ದ ತೂತು, ಕಸ ತುಂಬಿದ ನೀರಿನ ದಾರಿ - ಇವನ್ನು ಮೊದಲು ನೋಡಿ. ಬೇಸಿಗೆಗೆ ಮುನ್ನ ತಾರಸಿಗೆ ಸುಣ್ಣ ಬಳಿದರೆ ಬಿಳುಪು ಬಿಸಿಲನ್ನು ಹಿಂದಕ್ಕೆ ಚೆಲ್ಲಿ ಒಳಗಿನ ಕಾವು ತಗ್ಗುತ್ತದೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ನಲ್ಲಿಯ ವಾಷರ್ ಸವೆದು ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆಯೇ? ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೂ ದಿನಕ್ಕೆ ನಾಲ್ಕು ಲೀಟರಿಗೆ ಮೇಲೆ, ತಿಂಗಳಿಗೆ ಸುಮಾರು 130 ಲೀಟರ್. ಕೆಲವೇ ರೂಪಾಯಿಯ ವಾಷರ್ ಬದಲಿಸುವುದನ್ನು ಹೈಸ್ಕೂಲು ಹುಡುಗ ಹುಡುಗಿಯರು ಒಮ್ಮೆ ನೋಡಿದರೆ ಕಲಿಯುತ್ತಾರೆ.

ಎಲ್ಲಿ ಕೈ ಹಾಕಬಾರದು

ಕಲಿಯುವುದರಲ್ಲಿ ಬಿಡುವುದನ್ನು ಕಲಿಯುವುದೂ ಸೇರಿದೆ. ವಿದ್ಯುತ್ತಿನ ದುರಸ್ತಿ ಮಕ್ಕಳ ಕೆಲಸವಲ್ಲ. ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ವಿದ್ಯುತ್ ತಂತಿಯ ಹತ್ತಿರ ಕಟ್ಟಬೇಡಿ. ಅದರ ಬದಲು ನೂಲಿನ ಅಥವಾ ನೈಲಾನ್ ಹಗ್ಗ ಸಾಕು. ನೆನೆದ ಗೋಡೆಯ ಸ್ವಿಚ್ಚು ಮುಟ್ಟಬೇಡಿ. ಸೋರಿಕೆ ಕಂಡರೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರ್‌ನ ಸುರಕ್ಷಾ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಹಳೆಯ ಮಾಳಿಗೆಯ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ದೊಡ್ಡವರೂ ತೊಲೆ ಇರುವ ಸಾಲಿನ ಮೇಲೇ ಹೆಜ್ಜೆ ಇಡಬೇಕು.

ತಂದೆತಾಯಿಗಳಿಗೆ ಕಡೆಯದಾಗಿ ಒಂದು ಸಲಹೆ. ಮನೆಗೂ ಒಂದು ನೋಟುಪುಸ್ತಕ ಇರಲಿ. ಮಾಳಿಗೆಗೆ ಮಣ್ಣು ಹಾಕಿದ ದಿನ, ಮಣ್ಣು ತಂದ ಜಾಗ, ಬಿರುಕಿನ ಅಳತೆ, ಸೋರಿದ ಮೂಲೆ, ಮೇಸ್ತ್ರಿಗೆ ಕೊಟ್ಟ ಕೂಲಿ ಎಲ್ಲವನ್ನೂ ಮಕ್ಕಳು ಬರೆದಿಡಲಿ. ಬೇಸಿಗೆ ರಜೆಯಲ್ಲಿ ಓಣಿಯ ಹಿರಿಯರನ್ನು ಕೇಳಿ ನಾಲ್ಕು ಮಾತು ಸೇರಿಸಲಿ. ಮಾಳಿಗೆ ಮಣ್ಣಿನ ಹದ ಕೈಗೆ ಗೊತ್ತಿದ್ದವರು ಊರೂರಲ್ಲೂ ಕಡಿಮೆಯಾಗುತ್ತಿದ್ದಾರೆ. ಮುಂದಿನ ರೋಹಿಣಿ ಮಳೆಗೆ ಮುನ್ನ ಆ ಪುಸ್ತಕದ ಮೊದಲ ಪುಟ ತುಂಬಲಿ.