ಗಡಿ ದಾಟಿ ಬಂದವರಿಗೆ ಬಾಗಿಲು ತೆರೆದ ಸಣ್ಣ ಚರ್ಚು

ಜತ್ತ, ಅಕ್ಕಲಕೋಟ ಕಡೆಯ ಹಿರಿಯರಿಗೆ ಪ್ರೆಸ್ಬಿಟೇರಿಯನ್ ಎಂಬ ಹೆಸರು ಹೊಸದಿರಬಹುದು. ಮಿರಜದ ಮಿಶನ್ ದವಾಖಾನೆ ಅಂದ್ರೆ ಮಾತ್ರ ಗೊತ್ತು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆ ದವಾಖಾನೆ ತೆರೆದದ್ದು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ ಪರವಾಗಿ. ಈ ಪಂಥದ ಚರ್ಚುಗಳಲ್ಲಿ ಬಿಷಪ್ ಇಲ್ಲ. ಸದಸ್ಯರು ಆರಿಸಿದ ಹಿರಿಯರೇ, ನಮ್ಮೂರ ಪಂಚರ ಹಾಗೆ, ಕೂತು ಕಾರಭಾರ ನೋಡುತ್ತಾರೆ.

ಅದೇ ಪಂಥದ ಒಂದು ಚರ್ಚಿನ ಕತೆ ಗಡಿಯಲ್ಲಿರುವ ನಾವು ಕೇಳುವಂಥದ್ದು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಅದು. ಅಲ್ಲಿಂದ ಮೆಕ್ಸಿಕೋ ಗಡಿ ಸುಮಾರು 100 ಕಿ.ಮೀ. ತೊಹೊನೊ ಓಧಮ್ ಎಂಬ ಮೂಲನಿವಾಸಿಗಳಿಗಾಗಿ 1906ರಲ್ಲಿ ಶುರುವಾಯಿತು. ಈ ಜನರ ನಾಡಿನ ನಡುವೆಯೇ 1854ರಲ್ಲಿ ಎರಡು ದೇಶಗಳ ಗೆರೆ ಬಿತ್ತು. ಒಂದೇ ಜನ ಆಚೆಗೊಂದಿಷ್ಟು, ಈಚೆಗೊಂದಿಷ್ಟು. 1956ರ ಗೆರೆ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಗೆರೆ ದಾಟಲು ಬಸ್ಸಿನ ಟಿಕೀಟು ಸಾಕು. ಅಲ್ಲಿ ಕಾಗದಪತ್ರ ಇಲ್ಲದವರು ಮರುಭೂಮಿಯನ್ನೇ ನಡೆದು ದಾಟಬೇಕು.

1980ರ ಜುಲೈಯಲ್ಲಿ ಎಲ್ ಸಾಲ್ವಡೋರ್ ದೇಶದಿಂದ ಬಂದ 13 ಮಂದಿ ಆ ಮರುಭೂಮಿಯಲ್ಲಿ ಸತ್ತರು. ಅವರ ದೇಶದಲ್ಲಿ ಕೊಲೆಗಳು ದಿನದ ಮಾತಾಗಿದ್ದವು. ಅದೇ ಮಾರ್ಚ್ 24ರಂದು ಬಡವರ ಪರ ದನಿಯೆತ್ತಿದ ಆರ್ಚ್‌ಬಿಷಪ್ ಆಸ್ಕರ್ ರೊಮೆರೋ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದಿದ್ದರು. ಅಲ್ಲಿನ ಸರಕಾರಕ್ಕೆ ಅಮೆರಿಕದ ಬೆಂಬಲವಿತ್ತು. ಹಾಗಾಗಿ ಓಡಿ ಬಂದವರನ್ನು ನಿರಾಶ್ರಿತರು ಎಂದು ಒಪ್ಪದೆ, ಹೊಟ್ಟೆಪಾಡಿಗೆ ಬಂದವರು ಎಂದು ವಾಪಸು ಕಳಿಸಲಾಗುತ್ತಿತ್ತು. 1984ರಲ್ಲಿ ಸಾಲ್ವಡೋರಿನವರ ಆಶ್ರಯದ ಅರ್ಜಿಗಳಲ್ಲಿ ಮಂಜೂರಾದವು ನೂರಕ್ಕೆ ಮೂರೂ ಇಲ್ಲ.

ಚರ್ಚಿನ ಪಾಸ್ಟರ್ ಜಾನ್ ಫೈಫ್ ಮತ್ತು ಊರಿನ ಕೆಲವರು ಮೊದಮೊದಲು ಜಾಮೀನಿಗೆ ಹಣ ಕೂಡಿಸಿದರು, ವಕೀಲರನ್ನು ಹಿಡಿದರು. ಅಲ್ಲಿತನಕ ಅದು ಬರೀ ಸೇವೆ, ಯಾರ ತಕರಾರೂ ಇಲ್ಲ. ಆದರೆ ಅರ್ಜಿಗಳು ಸಾಲಾಗಿ ತಿರಸ್ಕಾರವಾದವು. ಆಗ ಬಂದವನು ಜಿಮ್ ಕಾರ್ಬೆಟ್ (ಹುಲಿ ಬೇಟೆಯ ಕಾರ್ಬೆಟ್ ಅಲ್ಲ). ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಓದಿ ಆಡು ಸಾಕಿಕೊಂಡಿದ್ದ ಕ್ವೇಕರ್ ಪಂಥದವನು. ಗಡಿಯಿಂದ ಜನರನ್ನು ತಾನೇ ಕರೆತರುತ್ತಿದ್ದ. ಮನೆ ತುಂಬಿತ್ತು. ಚರ್ಚಿನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಹಿರಿಯರು ಕೂಡಿ ಆಗಲಿ ಅಂದರು.

1981ರ ಕೊನೆಗೆ ಸರಕಾರಿ ವಕೀಲರ ಕಡೆಯಿಂದ ಎಚ್ಚರಿಕೆ ಬಂತು: ನಿಲ್ಲಿಸಿ, ಇಲ್ಲವೇ ಕೇಸು. ನಿರಾಶ್ರಿತನೊಬ್ಬನ ಲೆಕ್ಕಕ್ಕೆ ಐದು ವರ್ಷದವರೆಗೆ ಜೈಲು ಆಗಬಹುದಿತ್ತು. ಕದ್ದು ಮಾಡಿದರೆ ಕಳ್ಳಸಾಗಣೆದಾರರು ಅನ್ನಿಸಿಕೊಳ್ಳುವ ಭಯ. ಬಹಿರಂಗವಾಗಿ ಹೇಳಿಯೇ ಮಾಡುವುದೋ ಎಂದು 1982ರ ಜನವರಿಯಲ್ಲಿ ಸದಸ್ಯರೆಲ್ಲ ಗುಪ್ತ ಮತದಾನ ಮಾಡಿದರು. ಹೌದು ಅಂದವರು 59, ಬೇಡ ಅಂದವರು 2, ತಟಸ್ಥರು 4. ಬೇಡ ಅಂದ ಇಬ್ಬರನ್ನು ಹೇಡಿಗಳು ಅನ್ನಲಿಕ್ಕೆ ನನಗೆ ಮನಸ್ಸು ಬಾರದು. ಮನೆಯಲ್ಲಿ ಮಕ್ಕಳಿರುವವರಿಗೆ ಜೈಲಿನ ಮಾತು ಸಣ್ಣದಲ್ಲ.

ಮಾರ್ಚ್ 24, ರೊಮೆರೋ ಅವರ ಎರಡನೇ ಪುಣ್ಯತಿಥಿಯಂದು, ಇದು ನಿರಾಶ್ರಿತರ ಆಶ್ರಯಧಾಮ ಎಂದು ಬ್ಯಾನರ್ ಕಟ್ಟಿದರು. ಕಾನೂನು ಮುರಿಯುತ್ತೇವೆ ಎಂದು ಅಟಾರ್ನಿ ಜನರಲ್‌ಗೂ ಪತ್ರ ಹೋಗಿತ್ತು.

ಸರಕಾರ ಖಬರಿಗಳನ್ನು ಚರ್ಚಿನೊಳಗೇ ಕಳಿಸಿತು. ಪ್ರಾರ್ಥನೆಗೆ ಬಂದವರಂತೆ ಕೂತು ಗುಟ್ಟಾಗಿ ಟೇಪ್ ಮಾಡಿಕೊಂಡರು. 1985ರ ಜನವರಿಯಲ್ಲಿ 16 ಮಂದಿಯ ಮೇಲೆ ಆರೋಪ ಬಂತು, 11 ಮಂದಿಯ ವಿಚಾರಣೆ ನಡೆಯಿತು. 1986ರ ಮೇಯಲ್ಲಿ ಫೈಫ್ ಸೇರಿ 8 ಮಂದಿ ತಪ್ಪಿತಸ್ಥರು ಎಂದಾಯಿತು, ಕಾರ್ಬೆಟ್ ಬಿಡುಗಡೆಯಾದ. ಯಾರಿಗೂ ಜೈಲಾಗಲಿಲ್ಲ, ಫೈಫ್‌ಗೆ ಐದು ವರ್ಷ ಪ್ರೊಬೇಶನ್. ಅಷ್ಟರಲ್ಲಿ ನೂರಾರು ಚರ್ಚುಗಳು, ಯಹೂದಿ ಮಂದಿರಗಳು ಇದೇ ದಾರಿ ಹಿಡಿದಿದ್ದವು. ಚರ್ಚುಗಳೇ ಹೂಡಿದ ಇನ್ನೊಂದು ದಾವೆ 1990ರ ಕೊನೆಗೆ ರಾಜಿಯಾಗಿ, ಸಾಲ್ವಡೋರ್, ಗ್ವಾಟೆಮಾಲಾದವರ ಅರ್ಜಿಗಳನ್ನು ಹೊಸದಾಗಿ ನೋಡಲು ಸರಕಾರ ಒಪ್ಪಿತು. 1992ರಲ್ಲಿ ಆ ಪಂಥದ ಮಹಾಸಭೆಗೆ ಮಾಡರೇಟರ್ ಆಗಿ ಆರಿಸಿಬಂದವರು ಇದೇ ಫೈಫ್!

2014ರಲ್ಲಿ ಗಡಿಪಾರಿನ ಆದೇಶ ಬಂದ ತಾಯಿಯೊಬ್ಬಳು ಈ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದು 461 ದಿನ ಇದ್ದಳು. ಚರ್ಚು, ಶಾಲೆ, ಆಸ್ಪತ್ರೆಗಳಿಗೆ ನುಗ್ಗಿ ಬಂಧಿಸಬಾರದು ಎಂಬ 2011ರ ಸರಕಾರಿ ನಿಯಮ ಆಗ ಆಕೆಗೆ ಆಸರೆಯಾಗಿತ್ತು. 2025ರ ಜನವರಿಯಲ್ಲಿ ಅಮೆರಿಕ ಸರಕಾರ ಆ ಬಗೆಯ ರಕ್ಷಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು.