ಹಳೆಯ ಕಾರುಗಳ ನಿಲುವಿನ ಎತ್ತರ ಹಾಗೂ ಟೈರಿನ ಸುತ್ತಲಿನ ಅಂತರದ ಪರಿಶೀಲನೆ: ಅರ್ಜಿದಾರರಿಗೆ ಮಾಹಿತಿ

ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ಅನಂತರ ನವೀಕರಣಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವ ಹಿಂದಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದಾಗಿದೆ. ವಾಹನವನ್ನು ನಿರೀಕ್ಷಣೆಗೆ ಹಾಜರುಪಡಿಸುವ ಮುನ್ನ ಮಾಲೀಕರು ಈ ಕೆಳಕಂಡ ಪರಿಶೀಲನೆಯನ್ನು ಕೈಗೊಳ್ಳುವುದು ಸೂಕ್ತ.

ಪರಿಶೀಲನೆ ಏಕೆ ಅಗತ್ಯ?

ದೀರ್ಘಕಾಲದ ಬಳಕೆಯಿಂದ ಸ್ಪ್ರಿಂಗ್‌ಗಳು ಕುಗ್ಗುತ್ತವೆ. ಹಳೆಯ ಅಂಬಾಸಿಡರ್ ಕಾರಿನ ಮುಂಭಾಗದ ಭಾರವನ್ನು ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳುಗಳೂ, ಹಿಂಭಾಗದ ಭಾರವನ್ನು ಲೀಫ್ ಸ್ಪ್ರಿಂಗ್ ಪಟ್ಟಿಗಳೂ ಹೊರುತ್ತವೆ. ಇವು ಸಡಿಲಗೊಂಡಲ್ಲಿ ಕಾರು ತಗ್ಗುತ್ತದೆ ಅಥವಾ ಒಂದು ಬದಿಗೆ ವಾಲುತ್ತದೆ. ಖಾಲಿ ನಿಂತಾಗ ದೋಷ ಕಾಣದ ಕಾರಿನಲ್ಲಿಯೂ, ಐದು ಜನ ಕುಳಿತು ತಿರುವಿನಲ್ಲಿ ಸಾಗುವಾಗ ಟೈರು ಮಡ್‌ಗಾರ್ಡಿಗೆ ಉಜ್ಜಿ, ಸವೆದು, ಸಿಡಿಯುವ ಅಪಾಯವಿರುತ್ತದೆ.

ಎತ್ತರ ಅಳೆಯುವ ಕ್ರಮ

1. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಲ್ಲ ಟೈರುಗಳಲ್ಲಿ ನಿಗದಿತ ಗಾಳಿಯ ಒತ್ತಡವಿರುವಂತೆ ನೋಡಿಕೊಳ್ಳತಕ್ಕದ್ದು. ಸಾಮಾನು ಸರಂಜಾಮುಗಳನ್ನು ಇಳಿಸತಕ್ಕದ್ದು.
2. ಮುಂದೆ ಹಾಗೂ ಹಿಂದೆ ಕೆಲವು ಬಾರಿ ಒತ್ತಿಬಿಟ್ಟು, ಕಾರನ್ನು ತುಸು ಉರುಳಿಸಿದಲ್ಲಿ ಸ್ಪ್ರಿಂಗ್‌ಗಳು ಸಹಜ ಸ್ಥಿತಿಗೆ ಬರುತ್ತವೆ.
3. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗಿನ ಅಂತರವನ್ನು ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ನೆಲದಿಂದ ಅಳೆದರೆ ಟೈರಿನ ಗಾತ್ರ ಹಾಗೂ ಸವೆತದಿಂದ ಅಳತೆ ವ್ಯತ್ಯಾಸವಾಗುತ್ತದೆ.
4. ಎಡ ಮತ್ತು ಬಲ ಬದಿಗಳ ಅಳತೆಗಳನ್ನು ಪರಸ್ಪರ ಹಾಗೂ ತಯಾರಕರ ಕೈಪಿಡಿಯೊಂದಿಗೆ ಹೋಲಿಸತಕ್ಕದ್ದು.

ಟೈರಿನ ಅಂತರ ಪರಿಶೀಲಿಸುವ ಕ್ರಮ

ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಟೈರು ಮಡ್‌ಗಾರ್ಡಿಗಾಗಲಿ, ಬ್ರೇಕ್ ಕೊಳವೆಗಾಗಲಿ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಡ್‌ಗಾರ್ಡಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು, ಪೂರ್ಣ ಆಸನಭಾರದೊಂದಿಗೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಚಲಾಯಿಸಿದಲ್ಲಿ, ಉಜ್ಜುವ ಜಾಗದಲ್ಲಿ ಸುಣ್ಣ ಅಳಿಸಿರುತ್ತದೆ. ಕಾರಿನ ಟೈರಿನ ಅಚ್ಚಿನ ಆಳವು 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಕೇವಲ ಜಾಕ್ ಮೇಲೆ ನಿಂತಿರುವ ಕಾರಿನ ಅಡಿಗೆ ಯಾರೂ ಹೋಗಕೂಡದು.

ದೋಷ ಕಂಡುಬಂದಲ್ಲಿ

ಕುಗ್ಗಿದ ಸ್ಪ್ರಿಂಗನ್ನು ಅದೇ ಮಾದರಿಯ ಸ್ಪ್ರಿಂಗ್‌ನಿಂದ ಬದಲಾಯಿಸುವುದು ಹಾಗೂ ತಯಾರಕರು ಸೂಚಿಸಿದ ಗಾತ್ರದ ಟೈರನ್ನೇ ಅಳವಡಿಸುವುದು ಸರಿಯಾದ ಪರಿಹಾರ. ಅಗಲವಾದ ಟೈರು ಹಾಕಿ ಮಡ್‌ಗಾರ್ಡನ್ನು ಕತ್ತರಿಸುವುದು ಪರಿಹಾರವಲ್ಲ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52 ನಿರ್ಬಂಧಿಸುತ್ತದೆ. ಎತ್ತರ ಸರಿಪಡಿಸಿದ ತರುವಾಯ ಚಕ್ರಗಳ ಹೊಂದಾಣಿಕೆ ಹಾಗೂ ಮುಂದೀಪಗಳ ದಿಕ್ಕನ್ನೂ ಪರೀಕ್ಷಿಸಿಕೊಳ್ಳಬೇಕು.

ವಿಂಟೇಜ್ ವಾಹನಗಳ ಮಾಲೀಕರ ಗಮನಕ್ಕೆ

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ ಉಪಬಂಧಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಇರುವ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳು ವಿಂಟೇಜ್ ನೋಂದಣಿಗೆ ಅರ್ಹವಾಗಿವೆ. ಚಾಸಿ, ಹೊರಕವಚ ಅಥವಾ ಎಂಜಿನ್ ಮಾರ್ಪಡಿಸಿದಲ್ಲಿ ಈ ಅರ್ಹತೆಗೆ ಧಕ್ಕೆಯಾಗುತ್ತದೆ. ಆದ್ದರಿಂದ ದುರಸ್ತಿಗೆ ಮುನ್ನ ಅಳತೆಗಳನ್ನು ದಾಖಲಿಸಿ, ಛಾಯಾಚಿತ್ರ ಹಾಗೂ ಬಿಡಿಭಾಗಗಳ ರಸೀದಿಗಳನ್ನು ಕಾಪಾಡಿಕೊಳ್ಳುವುದು ಮಾಲೀಕರ ಹಿತದೃಷ್ಟಿಯಿಂದ ಒಳ್ಳೆಯದು.